ಎಷ್ಟು ಲೈನ್ ಬೇಕು? ನಮ್ಮ ಸೆಟ್ಟನ್ನು ಸಭಾಂಗಣದ ಸೌಂಡ್‌ಗೆ ಜೋಡಿಸುವ ಬಗೆಗಳು

ಕಾರ್ಯಕ್ರಮಕ್ಕೆ ಒಂದು ಗಂಟೆ ಇರುವಾಗ ಸಭಾಂಗಣದ ಮೈಕಿನವರು ಕೇಳುವ ಮೊದಲ ಪ್ರಶ್ನೆ ಇದು: "ಎಷ್ಟು ಲೈನ್ ಬೇಕು ಸರ್?" ಲೈನ್ ಎಂದರೆ ಒಂದು ಸೆಟ್‌ನಿಂದ ಇನ್ನೊಂದಕ್ಕೆ ಸದ್ದನ್ನು ಒಯ್ಯುವ ತಂತಿ. ನಮ್ಮ ಭಾಗದ ಬಹಳಷ್ಟು ಮೇಳಗಳು ಕೊಡುವ ಉತ್ತರವೂ ಒಂದೇ: "ನಮ್ಮದೇ ಸೆಟ್ ಇದೆ, ನೀವು ಬರೀ ಕರೆಂಟ್ ಕೊಡಿ." ನಾನೂ ಹಲವು ವರ್ಷ ಹೀಗೆಯೇ ಹೇಳುತ್ತಿದ್ದೆ. ನಾನು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು. ತಬಲಾ, ತಾಳ, ಇಬ್ಬರು ಹಾಡುವವರು ಸೇರಿ ಐದು ಜನರ ತತ್ವಪದದ ಮೇಳ ನಮ್ಮದು. ಬೆಳಗಾವಿಯಿಂದ ಹೊರಟು ಗೋಕಾಕ, ಮುಧೋಳ, ಬಾಗಲಕೋಟೆ, ವಿಜಯಪುರ ಎಂದು ತಿರುಗುತ್ತೇವೆ. ಕಾರಿನ ಡಿಕ್ಕಿಯಲ್ಲಿ ಕಂಬದ ಆಕಾರದ ಒಂದು ಸ್ಪೀಕರ್, ಎಂಟು ಚಾನೆಲ್‌ನ ಸಣ್ಣ ಮಿಕ್ಸರ್ (ಹಲವು ಮೈಕುಗಳ ಸದ್ದನ್ನು ಬೆರೆಸುವ ಪೆಟ್ಟಿಗೆ; ಒಂದೊಂದು ಮೈಕಿಗೆ ಒಂದೊಂದು ಚಾನೆಲ್), ಐದು ಮೈಕು. ಮಠದ ಅಂಗಳದಲ್ಲಿ ಇನ್ನೂರು ಜನ ಕೂತರೆ ಇಷ್ಟು ಧಾರಾಳ ಸಾಕು.

ತೊಡಕು ಶುರುವಾಗುವುದು ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರ, ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಂತಹ ದೊಡ್ಡ ಜಾಗಗಳಿಗೆ ಹೋದಾಗ, ಇಲ್ಲವೇ ಸ್ವಂತ ಸೌಂಡ್ ಕೂರಿಸಿಕೊಂಡಿರುವ ಮಂಗಲ ಕಾರ್ಯಾಲಯಗಳಲ್ಲಿ. ಅಲ್ಲಿ ಹಿಂದಿನ ಸಾಲಿನವರಿಗೆ ನಮ್ಮ ಕಂಬದ ದನಿ ಮುಟ್ಟುವುದಿಲ್ಲ. ಅವರ ಸ್ಪೀಕರ್‌ಗಳನ್ನು ನಡೆಸುವವರಿಗೆ ನಮ್ಮ ಹಾಡಿನ ಹದ ಗೊತ್ತಿರುವುದಿಲ್ಲ. ಎರಡನ್ನೂ ಸೇರಿಸಬೇಕು, ಆದರೆ ಹೇಗೆ ಸೇರಿಸಬೇಕು ಎಂಬಲ್ಲಿ ನಾಲ್ಕೈದು ದಾರಿಗಳಿವೆ. ಎಲ್ಲವನ್ನೂ ಒಂದಲ್ಲ ಒಂದು ಸಲ ಮಾಡಿ, ಒಂದಲ್ಲ ಒಂದು ಸಲ ಕೆಟ್ಟು ನೋಡಿದ್ದೇನೆ.

ಅವರದೇ ಇರಲಿ, ನಮ್ಮದೇ ಇರಲಿ

ಜೋಡಿಸದೆ ಇರುವುದೂ ಒಂದು ಆಯ್ಕೆಯೇ. ಕಿತ್ತೂರು ಉತ್ಸವ, ಚಾಲುಕ್ಯ ಉತ್ಸವಗಳಂತಹ ಸರ್ಕಾರಿ ವೇದಿಕೆಗಳಿಗೆ ನಿಮ್ಮ ಸೆಟ್ ಒಯ್ಯಲೇ ಬೇಡಿ. ಅಲ್ಲಿ ಪಳಗಿದ ಸೌಂಡ್ ಎಂಜಿನಿಯರ್ ಇರುತ್ತಾರೆ, ವೇದಿಕೆಯ ಮೇಲೆ ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್‌ಗಳಿರುತ್ತವೆ, ಒಂದು ತಂಡ ಇಳಿದು ಇನ್ನೊಂದು ಹತ್ತಲು ಕೊಡುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನೀವು ಕಂಬ ನಿಲ್ಲಿಸಿ ತಂತಿ ಬಿಚ್ಚಿ ಕೂತರೆ ಮುಂದಿನವರ ಹೊಟ್ಟೆ ಉರಿಯುತ್ತದೆ. ಯಾರು ಎಲ್ಲಿ ಕೂರುತ್ತಾರೆ, ಯಾವ ವಾದ್ಯಕ್ಕೆ ಎಷ್ಟು ಮೈಕ್ ಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ತುದಿಯಲ್ಲಿ, ಜನ ನೂರೈವತ್ತು ದಾಟದಿದ್ದರೆ ಅವರದನ್ನು ಪೂರ್ತಿ ಬಂದ್ ಮಾಡಿಸಿ ನಿಮ್ಮದರಲ್ಲೇ ಹಾಡಿ. ಗ್ರಾನೈಟ್ ನೆಲ, ಜಿಪ್ಸಂ ಚಾವಣಿ, ಮೂರು ಕಡೆ ಬೋಳು ಗೋಡೆ: ನಮ್ಮ ಕಾರ್ಯಾಲಯಗಳೆಲ್ಲ ಒಂದೊಂದು ಸಣ್ಣ ಗೋಳಗುಮ್ಮಟ. ಅಂತಹ ಕಡೆ ಸ್ಪೀಕರ್ ಹೆಚ್ಚಿದಷ್ಟೂ ಮಾತು ಕಲಸಿ ಹೋಗುತ್ತದೆ. ನಿಮ್ಮ ಮಿಕ್ಸರ್‌ನ ಎಕೋವನ್ನು ಅಲ್ಲಿ ಸೊನ್ನೆಗೆ ಇಳಿಸಿ. ಕಟ್ಟಡವೇ ಬೇಕಾದಷ್ಟು ಕೊಡುತ್ತದೆ.

ಒಂದು ಲೈನ್

ಹೆಚ್ಚಿನವರು ಮಾಡುವುದು ಇದನ್ನೇ. ಐದೂ ಮೈಕು ನಮ್ಮ ಮಿಕ್ಸರ್‌ಗೆ, ಅಲ್ಲಿಂದ ಒಂದು ತಂತಿ ಅವರ ಮಿಕ್ಸರ್‌ಗೆ. ನಮ್ಮ ಹದ ಹಾಗೆಯೇ ಅವರ ಸ್ಪೀಕರ್‌ನಲ್ಲಿ ಬರುತ್ತದೆ, ಆಪರೇಟರ್ ಒಂದೇ ಫೇಡರ್, ಅಂದರೆ ಸದ್ದು ಏರಿಳಿಸುವ ಜಾರುಗುಂಡಿ, ನೋಡಿಕೊಂಡರೆ ಆಯಿತು. ಕೇಳಲು ಸರಳ. ಆದರೆ ಇದರಲ್ಲಿ ಮೂರು ಕಡೆ ಎಡವುತ್ತೇವೆ.

ಮೊದಲನೆಯದು ಮಟ್ಟ. ಶ್ಯೂರ್ ಎಸ್‌ಎಂ 58 ನಂತಹ ಮೈಕು ಸಾಧಾರಣ ಜೋರಿನ ದನಿಗೆ, ಅಂದರೆ 94 ಡೆಸಿಬೆಲ್‌ಗೆ, ಕೊಡುವುದು ಎರಡು ಮಿಲಿವೋಲ್ಟ್‌ಗಿಂತ ತುಸು ಕಡಿಮೆ. ಹಾಡುಗಾರ ಬಾಯಿಗೆ ಹಚ್ಚಿ ಕೂಗಿದರೂ ಹತ್ತಾರು ಮಿಲಿವೋಲ್ಟ್. ಮಿಕ್ಸರ್‌ನ ಲೈನ್ ಔಟ್ ಎಂಬುದು ವೃತ್ತಿಪರ ಸಾಧನಗಳ ಅಳತೆಯಲ್ಲಿ 1.23 ವೋಲ್ಟ್. ಆರುನೂರು ಪಟ್ಟು ಮೀರಿದ ವ್ಯತ್ಯಾಸ ಇದು. ಆ ಲೈನನ್ನು ಆಪರೇಟರ್ ಕತ್ತಲಲ್ಲಿ ತಡಕಾಡಿ ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ಕಾದ ಎಣ್ಣೆಗೆ ಹಸಿ ಹಪ್ಪಳ ಬಿಟ್ಟಂತೆ ಚರಚರ ಎನ್ನುತ್ತದೆ. ಅವರು ಫೇಡರ್ ಕೆಳಗೆಳೆಯುತ್ತಾರೆ. ಸದ್ದು ಸಣ್ಣದಾಗುತ್ತದೆ, ಚರಚರ ಹೋಗುವುದಿಲ್ಲ, ಏಕೆಂದರೆ ಕೆಟ್ಟದ್ದು ಫೇಡರ್‌ಗಿಂತ ಮೊದಲೇ. ಲೈನ್ ಇನ್‌ಪುಟ್‌ಗೆ ಹಾಕಿಸಿ. ಅದು ಖಾಲಿ ಇಲ್ಲದಿದ್ದರೆ 'ಪ್ಯಾಡ್' ಎಂಬ ಗುಂಡಿ ಒತ್ತಿಸಿ. 20 ಡೆಸಿಬೆಲ್ ಪ್ಯಾಡ್ ಎಂದರೆ ವೋಲ್ಟೇಜ್ ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಎರಡನೆಯದು ಯಾರ ಗುಂಡಿ ಯಾರ ಸದ್ದನ್ನು ತಿರುಗಿಸುತ್ತದೆ ಎಂಬುದು. ಕೆಲವು ಸೆಟ್‌ಗಳಲ್ಲಿ ಮಾಸ್ಟರ್ (ಒಟ್ಟು ಸದ್ದಿನ ಗುಂಡಿ) ಇಳಿಸಿದರೆ ಲೈನ್ ಔಟ್ ಕೂಡ ಇಳಿಯುತ್ತದೆ, ಕೆಲವದರಲ್ಲಿ ಇಳಿಯುವುದಿಲ್ಲ. ಪುಸ್ತಕ ತಿರುವಿ ಹಾಕುವ ಬದಲು ಒಂದು ಪರೀಕ್ಷೆ ಮಾಡಿ: ತಾಳ ಹೊಡೆಯುವವನಿಗೆ ಹೊಡೆಯುತ್ತಿರಲು ಹೇಳಿ, ನಿಮ್ಮ ಮಾಸ್ಟರನ್ನು ಸೊನ್ನೆಗೆ ತನ್ನಿ. ಸಭಾಂಗಣದಲ್ಲಿ ತಾಳ ಕೇಳಿಸುತ್ತಿದ್ದರೆ ನಿಮಗೆ ಅದೃಷ್ಟ. ವೇದಿಕೆಯ ಸದ್ದನ್ನು ಬೇಕಾದಂತೆ ತಿದ್ದಿಕೊಳ್ಳಬಹುದು. ನಿಂತುಹೋದರೆ, ಕಾರ್ಯಕ್ರಮ ಶುರುವಾದ ಮೇಲೆ ಆ ಗುಂಡಿಯನ್ನು ಮುಟ್ಟುವಂತಿಲ್ಲ. ಹಾಡುಗಾರನಿಗೆ ತನ್ನ ದನಿ ಕೇಳದೆಂದು ನೀವು ಏರಿಸುತ್ತೀರಿ, ಸಭಾಂಗಣ ಅಬ್ಬರಿಸುತ್ತದೆ, ಆಪರೇಟರ್ ಇಳಿಸುತ್ತಾನೆ, ನೀವು ಮತ್ತೆ ಏರಿಸುತ್ತೀರಿ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತ ಹಾಗೆ.

ಮೂರನೆಯದು ನನಗೆ ಬಹಳ ತಡವಾಗಿ ತಿಳಿದದ್ದು. ಬಾಗಲಕೋಟೆಯ ನವನಗರದ ಒಂದು ಸಭಾಂಗಣದಲ್ಲಿ ಹಾಡಿ ಬಂದಿದ್ದೆವು. ವೇದಿಕೆಯ ಮೇಲೆ ನಮಗೆ ಎಲ್ಲವೂ ಸೊಗಸಾಗಿತ್ತು. ಮರುದಿನ ನನ್ನ ಅಳಿಯ ಹಿಂದಿನ ಸಾಲಿನಿಂದ ಮೊಬೈಲ್‌ನಲ್ಲಿ ಹಿಡಿದದ್ದನ್ನು ಕೇಳಿಸಿದ. ಹಾಡುಗಾರರ ದನಿ ಕಿವಿಯಲ್ಲೇ ಕೂತಂತಿದೆ. ತಬಲಾ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಬಡಿದ ಹಾಗೆ. ಪೇಟಿಯಂತೂ ಇಲ್ಲವೇ ಇಲ್ಲ. "ಮಾಮಾ, ನೀವು ಅವತ್ತು ನುಡಿಸಿದಿರಾ?" ಎಂದು ಕೇಳಿದ. ಎರಡು ದಿನ ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಸಣ್ಣ ಜಾಗದಲ್ಲಿ ತಬಲಾ, ಪೇಟಿಗಳಿಗೆ ತಮ್ಮದೇ ದನಿ ಇರುತ್ತದೆ; ಅದನ್ನು ಲೆಕ್ಕಕ್ಕೆ ಹಿಡಿದೇ ನಾವು ಮಿಕ್ಸರ್‌ನಲ್ಲಿ ಅವುಗಳನ್ನು ಸ್ವಲ್ಪವೇ ಇಟ್ಟಿರುತ್ತೇವೆ. ಆದರೆ ತಂತಿಯೊಳಗೆ ಹೋಗುವುದು ಮಿಕ್ಸರ್‌ನಲ್ಲಿ ಇದ್ದಷ್ಟು ಮಾತ್ರ. ಎದುರಿಗೆ ಕೂತವರು ಕೇಳುವ ಬರಿಯ ತಬಲಾ ಇಪ್ಪತ್ತೈದನೆಯ ಸಾಲಿಗೆ ಹೋಗುವುದಿಲ್ಲ. ನಮ್ಮ ಹದವೇ ಅಲ್ಲಿಗೆ ತಪ್ಪು ಹದ.

ಎರಡು ಲೈನ್

ಅಂದಿನಿಂದ ನಾನು ಕೇಳುವುದು ಎರಡು ಲೈನ್. ದನಿಗಳೆಲ್ಲ ಒಂದರಲ್ಲಿ, ವಾದ್ಯಗಳೆಲ್ಲ ಇನ್ನೊಂದರಲ್ಲಿ. ದುಬಾರಿ ಸಾಧನವೇನೂ ಬೇಡ. ನಿಮ್ಮ ಮಿಕ್ಸರ್‌ಗೆ ಎಡ, ಬಲ ಎಂದು ಎರಡು ಔಟ್ ಇದ್ದರೆ, ಹಾಡುಗಾರರ ಚಾನೆಲ್‌ಗಳ ಪ್ಯಾನ್ ಗುಂಡಿಯನ್ನು (ಸದ್ದನ್ನು ಎಡಕ್ಕೋ ಬಲಕ್ಕೋ ಕಳಿಸುವುದು ಇದೇ) ಪೂರ್ತಿ ಎಡಕ್ಕೆ, ಪೇಟಿ-ತಬಲಾ-ತಾಳದ್ದನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಎರಡೂ ತಂತಿ ಅವರ ಎರಡು ಚಾನೆಲ್‌ಗೆ. ಆ ಎರಡನ್ನೂ ನಡುವಿಗೆ ಪ್ಯಾನ್ ಮಾಡಿಕೊಳ್ಳಲು ಆಪರೇಟರ್‌ಗೆ ಮರೆಯದೆ ಹೇಳಿ. ಇಲ್ಲದಿದ್ದರೆ ಸಭಾಂಗಣದ ಎಡಭಾಗದ ಜನ ಹಾಡು ಕೇಳುತ್ತಾರೆ, ಬಲಭಾಗದ ಜನ ತಬಲಾ ಕೇಳುತ್ತಾರೆ. ನಿಮ್ಮ ಕಂಬಕ್ಕೆ ಮಿಕ್ಸರ್‌ನ ಆಕ್ಸ್ ಸೆಂಡ್ ಎಂಬ ಇನ್ನೊಂದು ಔಟ್‌ನಿಂದ ಬೇರೆ ಹದ ಕೊಡಿ. ಹೀಗೆ ಮಾಡಿದರೆ ತಬಲಾ ಕಡಿಮೆ ಎಂದು ಆಪರೇಟರ್‌ಗೆ ಅನಿಸಿದರೆ ಅವನೇ ಏರಿಸಿಕೊಳ್ಳುತ್ತಾನೆ, ವೇದಿಕೆಯ ಮೇಲೆ ನಮಗೆ ಏನೂ ಬದಲಾಗುವುದಿಲ್ಲ.

ಸ್ಪೀಕರ್‌ನ ಬೆನ್ನಿನಲ್ಲೇ ಮಿಕ್ಸರ್ ಇರುವ ಸೆಟ್‌ಗಳಲ್ಲಿ ಇದು ಸಾಧ್ಯವಾಗುವುದು ಕಡಿಮೆ. ಬೋಸ್‌ನ ಎಸ್1 ಪ್ರೊ ತರಹದವುಗಳಲ್ಲಿ ಲೈನ್ ಔಟ್ ಒಂದೇ. ಹೊಸದಾಗಿ ಕೊಳ್ಳುವವರಾದರೆ ಕಾಸು ಹೆಚ್ಚಾದರೂ ಸ್ಪೀಕರ್ ಬೇರೆ, ಮಿಕ್ಸರ್ ಬೇರೆ ತೆಗೆದುಕೊಳ್ಳಿ ಎನ್ನುತ್ತೇನೆ.

ಐದು ಲೈನ್

ಪ್ರತಿ ಮೈಕಿನ ಸಿಗ್ನಲ್ಲನ್ನೂ ಸೀಳಿ ಒಂದು ಕವಲು ನಮಗೆ, ಒಂದು ಅವರಿಗೆ. ಇದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಬೇಕು. ಕವಲು ತಂತಿ ಹಾಕಿ ಕೈ ತೊಳೆದುಕೊಂಡರೆ ಎರಡು ಮಿಕ್ಸರ್‌ಗಳ ಅರ್ಥ್ ಕೂಡಿ ಗುಂಯ್‌ಗುಟ್ಟುವ ಸಾಧ್ಯತೆ ಇರುತ್ತದೆ. ಆಪರೇಟರ್ ಜಾಣನಿದ್ದು, ಅರ್ಧ ಗಂಟೆ ಪರೀಕ್ಷೆಗೆ ಸಮಯವಿದ್ದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಸನ್ಮಾನ, ಸ್ವಾಗತ ಭಾಷಣ, ಶಾಲು-ಹಾರಗಳ ನಡುವೆ ನಮ್ಮನ್ನು ವೇದಿಕೆಗೆ ನೂಕುವ ಕಾರ್ಯಕ್ರಮಗಳಲ್ಲಿ ಆ ಅರ್ಧ ಗಂಟೆ ಎಲ್ಲಿಂದ ತರುವುದು?

ತಿರುಗಿ ಬರುವ ಲೈನ್

ಮೈಕುಗಳೆಲ್ಲ ಅವರಿಗೇ ಕೊಟ್ಟು, ಅವರಿಂದ ಒಂದು ಆಕ್ಸ್ ಲೈನ್ ಪಡೆದು ನಮ್ಮ ಕಂಬವನ್ನು ಬರೀ ಮಾನಿಟರ್ ಮಾಡಿಕೊಳ್ಳುವುದು ಇನ್ನೊಂದು ಬಗೆ. ಸಭಾಂಗಣದ ಮಾನಿಟರ್ ಹರಿದುಹೋಗಿದ್ದರೆ ಇದೇ ದಾರಿ. ಫೇಡರ್‌ಗಿಂತ ಮೊದಲಿನ ಆಕ್ಸ್ ಕೇಳಿ; ಆಗ ಅವರು ಹೊರಗಿನ ಸದ್ದು ಏರಿಳಿಸಿದರೂ ನಿಮ್ಮದು ಅಲುಗುವುದಿಲ್ಲ.

ಒಂದು ಎಚ್ಚರಿಕೆ. ಲೈನ್ ಕೊಡುವುದು, ಲೈನ್ ಪಡೆಯುವುದು ಎರಡನ್ನೂ ಒಟ್ಟಿಗೆ ಮಾಡಬೇಡಿ. ನಮ್ಮದು ಅವರಿಗೆ ಹೋಗಿ, ಅವರದು ನಮಗೆ ಬಂದು, ಅದೇ ಮತ್ತೆ ಅವರಿಗೆ ಹೋದರೆ ಹಾವು ತನ್ನ ಬಾಲವನ್ನೇ ನುಂಗಿದಂತೆ. ಒಂದು ಸಲ ಒಂದೂ ಮೈಕ್ ಹಾಕಿರಲಿಲ್ಲ, ಆದರೂ ಸ್ಪೀಕರ್ ಕಿರುಚಿತು. ಅರ್ಧ ಊರು ಎದ್ದು ಕೂತಿರಬೇಕು.

ಸ್ಪೀಕರ್ ಮುಂದೆ ಮೈಕ್ ಇಡುವುದು, ಬ್ಲೂಟೂತ್‌ನಲ್ಲಿ ಕಳಿಸುವುದು ಎಂಬ ಎರಡು ಉಪಾಯಗಳನ್ನೂ ಜನ ಹೇಳುತ್ತಾರೆ. ಮೊದಲನೆಯದು ತಂತಿಯೇ ಸಿಗದ ದಿನಕ್ಕೆ, ಮರ್ಯಾದೆ ಉಳಿಸುವಷ್ಟರ ಮಟ್ಟಿಗೆ ಸರಿ. ಎರಡನೆಯದು ಬೇಡವೇ ಬೇಡ. ಬ್ಲೂಟೂತ್‌ನಲ್ಲಿ ಸದ್ದು 100 ಮಿಲಿಸೆಕೆಂಡ್ ಮೀರಿ ತಡವಾಗುವುದು ಸಾಮಾನ್ಯ. ಹಾಡಿನ ಹಿಂದೆ ಹಾಡಿನ ದೆವ್ವ ಬಂದ ಹಾಗಿರುತ್ತದೆ.

ಬಯಲಿನಲ್ಲಿ ಹಾರ್ನ್ ಕಟ್ಟಿದ್ದರೆ

ಬಾದಾಮಿಯ ಬನಶಂಕರಿ ಜಾತ್ರೆಯಿಂದ ಹಿಡಿದು ಸಣ್ಣ ಓಣಿಯ ಭಜನೆಯವರೆಗೆ, ಅಹುಜಾ ಆಂಪ್ಲಿಫೈಯರ್‌ಗೆ ಹಾರ್ನ್ ಕಟ್ಟಿದ ಮೈಕ್‌ಸೆಟ್ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಇಲ್ಲಿ ಮಿಕ್ಸರ್ ಇರುವುದಿಲ್ಲ. ಆಂಪ್ಲಿಫೈಯರ್‌ನಲ್ಲಿ ಕೆಲವು ಮೈಕ್ ಇನ್‌ಪುಟ್, ಒಂದೆರಡು ಆಕ್ಸ್ ಇನ್‌ಪುಟ್. ನಿಮ್ಮ ಒಂದು ಲೈನ್ ಆಕ್ಸ್‌ಗೇ ಹೋಗಬೇಕು. ಎರಡು ಲೈನ್‌ನ ಆಸೆ ಇಲ್ಲಿ ಬಿಡಿ, ಪ್ಯಾನ್ ಎಲ್ಲವನ್ನೂ ನಡುವಿಗೆ ತನ್ನಿ.

ಹಿಂಬದಿಯಲ್ಲಿ 70 ವೋಲ್ಟ್, 100 ವೋಲ್ಟ್ ಎಂದು ಬರೆದ ತಿರುಪುಗಳಿರುತ್ತವೆ. ಅವು ದೂರದ ಹಾರ್ನ್‌ಗಳಿಗೆ ಹೋಗುವ ತಂತಿಗಳು. ಸ್ವಾಗತ ಭಾಷಣ ನಮ್ಮ ಸ್ಪೀಕರ್‌ನಲ್ಲೂ ಬರಲಿ ಎಂದು ಅಲ್ಲಿಂದ ತಂತಿ ಎಳೆದು ನಿಮ್ಮ ಮಿಕ್ಸರ್‌ಗೆ ಕೊಡಲು ಯಾರಾದರೂ ಬಂದರೆ ಕೈ ಹಿಡಿದು ನಿಲ್ಲಿಸಿ. ಮಿಕ್ಸರ್ ಅಲ್ಲಿಗೇ ತೀರಿತು.

ಬಯಲಿನ ಇನ್ನೊಂದು ಕಾಟ ದೂರ. ನಮ್ಮ ಬೇಸಿಗೆಯ ಬಿಸಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಅರವತ್ತು ಮೀಟರ್ ಆಚೆ ಬೇವಿನ ಮರಕ್ಕೆ ಕಟ್ಟಿದ ಹಾರ್ನ್‌ನ ಸದ್ದು ವೇದಿಕೆಗೆ ಬರುವಾಗ 170 ಮಿಲಿಸೆಕೆಂಡ್ ತಡ. ತಬಲಾದವನು ಅದನ್ನು ಕೇಳಿ ನುಡಿಸಲು ಹೋದರೆ ಲಯ ಜಗ್ಗುತ್ತಲೇ ಹೋಗುತ್ತದೆ. ಇದಕ್ಕೆ ಮದ್ದು ನಮ್ಮ ಕಂಬವೇ: ಹತ್ತಿರ, ಮುಖಕ್ಕೆ ಎದುರಾಗಿ, ಹಾರ್ನ್‌ನ ಪ್ರತಿಧ್ವನಿಯನ್ನು ಮುಚ್ಚುವಷ್ಟು. ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಇವೆಲ್ಲ ಬಂದ್ ಎಂಬುದು 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪರವಾನಗಿ ಪತ್ರ ಕೈಯಲ್ಲಿ ಹಿಡಿದವರು ಯಾರು ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ.

ಕಂಬ ಎಲ್ಲಿ ನಿಲ್ಲಬೇಕು

ಸ್ವಂತ ಸೆಟ್ಟಿನಲ್ಲೇ ಹಾಡುವಾಗ ಕಂಬವನ್ನು ಬೆನ್ನ ಹಿಂದೆ ನಿಲ್ಲಿಸಿದರೆ ನಡೆಯುತ್ತದೆ. ಸಭಾಂಗಣದ ಸ್ಪೀಕರ್ ಕೂಡಿದ ಕೂಡಲೇ ಅದೇ ಜಾಗ ಮೈಕನ್ನು ಕೂಗಿಸುತ್ತದೆ. ಎಸ್‌ಎಂ 58 ರಂತಹ ಕಾರ್ಡಿಯಾಯ್ಡ್ (ಎದುರಿನ ದನಿಯನ್ನೇ ಹೆಚ್ಚು ಹಿಡಿಯುವ) ಮೈಕು ಅತ್ಯಂತ ಕಡಿಮೆ ಕೇಳುವುದು ತನ್ನ ಬಾಲದ ಕಡೆಯಿಂದ. ಹಾಗಾಗಿ ಕಂಬ ಹಾಡುಗಾರನ ಮುಂದೆ, ಮೈಕಿನ ಬಾಲಕ್ಕೆ ನೇರ ಬರಬೇಕು. ಪ್ರೇಕ್ಷಕರ ನೋಟಕ್ಕೆ ಅಡ್ಡವಾದರೆ ಸ್ವಲ್ಪ ಬದಿಗೆ. ಮೈಕನ್ನು ಬಾಯಿಯಿಂದ ಒಂದು ಗೇಣಿನಿಂದ ಅರ್ಧ ಗೇಣಿಗೆ ತಂದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಈ ಮಾತನ್ನು ನಮ್ಮ ಹಿರಿಯ ಹಾಡುಗಾರರಿಗೆ ಒಪ್ಪಿಸುವುದು ಮಾತ್ರ ಯಾವ ಡೆಸಿಬೆಲ್‌ಗೂ ನಿಲುಕದ ಕೆಲಸ. ಆಲಾಪದಲ್ಲಿ ಅವರ ಮುಖ ಆಕಾಶದ ಕಡೆಗೇ ಹೋಗುತ್ತದೆ.

ಗುಂಯ್ ಎನ್ನುವುದು, ತುಟಿಗೆ ಹೊಡೆಯುವುದು

ಅವರ ಮಿಕ್ಸರ್‌ಗೆ ಲೈನ್ ಕೊಡುವಾಗಲೆಲ್ಲ ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಇರಲಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಸಾದಾ ಜಾತಿಯದು, ಬ್ಯಾಟರಿ ಬೇಡದ್ದು. ಒಳ್ಳೆಯ ಮೈಕಿಗಿಂತ ಅಗ್ಗ. ಒಂದೇ ಪೆಟ್ಟಿಗೆಗೆ ಮೂರು ಕೆಲಸ: ಲೈನ್ ಮಟ್ಟವನ್ನು ಮೈಕ್ ಮಟ್ಟಕ್ಕೆ ಇಳಿಸುತ್ತದೆ (ಆಗ ಮೈಕ್ ಇನ್‌ಪುಟ್‌ಗೇ ಹಾಕಬಹುದು), ಆಪರೇಟರ್ ಮರೆತು ಬಿಟ್ಟ 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕುಗಳಿಗಾಗಿ ಮಿಕ್ಸರ್ ತಂತಿಯಲ್ಲೇ ಕಳಿಸುವ ಕರೆಂಟ್) ನಿಮ್ಮ ಮಿಕ್ಸರ್‌ಗೆ ನುಗ್ಗದಂತೆ ತಡೆಯುತ್ತದೆ, ಎರಡು ಸೆಟ್‌ಗಳ ಅರ್ಥ್ ಒಂದಕ್ಕೊಂದು ತಾಗುವುದನ್ನು ಬಿಡಿಸುತ್ತದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಎರಡು ಬೇರೆ ಬೋರ್ಡ್‌ಗಳಿಂದ ಕರೆಂಟ್ ಪಡೆದ ಸೆಟ್‌ಗಳನ್ನು ನೇರ ತಂತಿಯಲ್ಲಿ ಕೂಡಿಸಿದಾಗ ಬರುವ ಗುಂಯ್ ಅದರದೇ ದನಿ. ಮೊದಲು ಎರಡನ್ನೂ ಒಂದೇ ಬೋರ್ಡ್‌ಗೆ ತನ್ನಿ. ಹೋಗದಿದ್ದರೆ ಡಿಐ ಮೇಲಿನ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತಿ. ಡಿಐಯಿಂದ ಅವರ ಮಿಕ್ಸರ್‌ವರೆಗೆ ಎಕ್ಸ್‌ಎಲ್‌ಆರ್, ಅಂದರೆ ಮೈಕಿಗೆ ಹಾಕುವ ಮೂರು ಪಿನ್ನಿನ ತಂತಿಯೇ ಆಗಿರಲಿ. ಅದರ ಎರಡನೆಯ, ಮೂರನೆಯ ಪಿನ್‌ಗಳಲ್ಲಿ ಸಿಗ್ನಲ್ ಒಂದಕ್ಕೊಂದು ತಿರುಗುಮುರುಗಾಗಿ ಹೋಗುವುದರಿಂದ ದಾರಿಯಲ್ಲಿ ಅಂಟಿದ ಕಸ ಆ ಕಡೆ ತಲುಪಿದಾಗ ತನ್ನಿಂದ ತಾನೇ ಕಳೆದುಹೋಗುತ್ತದೆ. ಇಪ್ಪತ್ತು ಮೀಟರ್ ಎಳೆದರೂ ಭಯವಿಲ್ಲ.

ಗುಂಯ್ ತಪ್ಪಿಸಲು ಪ್ಲಗ್‌ನ ಮೂರನೆಯ ಪಿನ್ ಮುರಿಯುವವರಿದ್ದಾರೆ. ಸದ್ದು ಹೋಗುತ್ತದೆ, ನಿಜ. ಆದರೆ ಸೆಟ್‌ನಲ್ಲಿ ಎಲ್ಲಾದರೂ ಸೋರಿದ ಕರೆಂಟ್‌ಗೆ ನೆಲ ಸೇರಲು ಉಳಿಯುವ ದಾರಿ ಎಂದರೆ ನಿಮ್ಮ ಹಾಡುಗಾರ. ಒಂದು ಕೈಯಲ್ಲಿ ಅವರ ಮೈಕು, ಇನ್ನೊಂದು ಕೈ ನಮ್ಮ ಸೆಟ್‌ಗೆ ಸೇರಿದ ಕಬ್ಬಿಣದ ಸ್ಟ್ಯಾಂಡ್ ಮೇಲೆ. ಜನರೇಟರ್ ಮೇಲೆ ನಡೆಯುವ ಹಳ್ಳಿಯ ಕಾರ್ಯಕ್ರಮಗಳಲ್ಲಿ ಅರ್ಥ್ ಗೂಟ ಹುಗಿದಿದ್ದಾರೋ ಇಲ್ಲವೋ ಹೇಳಲಾಗದು. ಅದಕ್ಕೆ ನನ್ನ ಚೀಲದಲ್ಲಿ ಒಂದು ಮಲ್ಟಿಮೀಟರ್ ಇದೆ. ಎಸಿ ವೋಲ್ಟ್‌ಗೆ ಇಟ್ಟು ಒಂದು ಮೊನೆ ಅವರ ಮೈಕಿನ ಜಾಲರಿಗೆ, ಇನ್ನೊಂದು ನಮ್ಮ ಮಿಕ್ಸರ್‌ನ ಲೋಹಕ್ಕೆ. ಒಂದೆರಡು ವೋಲ್ಟ್ ತೋರಿಸಿದರೆ ಮುಂದುವರಿಯುತ್ತೇನೆ. ಒಮ್ಮೆ ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಮುಳ್ಳು ತೊಂಬತ್ತು ದಾಟಿತು. ಮೈಕಿನವರು ವಯಸ್ಸಾದವರು, "ಏನೂ ಆಗುವುದಿಲ್ಲ ಸರ್, ಮೂವತ್ತು ವರ್ಷದಿಂದ ಹೀಗೇ ನಡೆಸಿದ್ದೇನೆ" ಎಂದರು. "ಹಾಗಾದರೆ ಕಾಕಾ, ಇದನ್ನೂ ಅದನ್ನೂ ಒಟ್ಟಿಗೆ ನೀವೇ ಹಿಡಿದು ತೋರಿಸಿ" ಎಂದೆ. ಹಿಡಿಯಲಿಲ್ಲ. ಜನರೇಟರ್ ಹತ್ತಿರ ಹೋಗಿ ಕಬ್ಬಿಣದ ಗೂಟ ಹುಡುಕಿ ಹುಗಿದು, ಎರಡು ಬಿಂದಿಗೆ ಉಪ್ಪುನೀರು ಸುರಿಸಿ ಬಂದರು. ಮುಳ್ಳು ಇಳಿಯಿತು. ಆಮೇಲೆ ಅವರೇ ಚಹಾ ಕೊಡಿಸಿದರು.

ಕೊನೆಯದಾಗಿ ಬಿಚ್ಚುವ ಹೊತ್ತು. ಮಂಗಳಾರತಿ ಮುಗಿದು ಜನ ಪ್ರಸಾದದ ಕಡೆ ಹೊರಳುತ್ತಿದ್ದಂತೆ ನಮಗೂ ಮನೆಯ ನೆನಪಾಗಿ ಲೈನ್ ಕೀಳುವ ಅವಸರ. ಹಾಗೆ ಕಿತ್ತಾಗ ಅವರ ಸ್ಪೀಕರ್‌ನಲ್ಲಿ ಬರುವ ಢಬ್ ಎಂಬ ಸದ್ದಿಗೆ ಟ್ವೀಟರ್ ಹರಿದರೆ ಮುಂದಿನ ವರ್ಷ ಆ ಊರಿಗೆ ಕರೆ ಬರುವುದಿಲ್ಲ. ಹಚ್ಚುವಾಗ ಮಿಕ್ಸರ್ ಮೊದಲು, ಸ್ಪೀಕರ್ ಕಡೆಗೆ. ಆರಿಸುವಾಗ ಸ್ಪೀಕರ್ ಮೊದಲು. ಎರಡೂ ಚಾನೆಲ್ ಮ್ಯೂಟ್ ಮಾಡಿದ್ದೇನೆಂದು ಆಪರೇಟರ್ ದೂರದಿಂದ ಕೈ ಎತ್ತುವವರೆಗೆ ನಾನು ಡಿಐ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಾಯುತ್ತೇನೆ.